ಅಜ್ಜನ ಟ್ರಂಕ್ ಯೂನಿವರ್ಸಿಟಿ ಆರ್ಕೈವಿಗೆ (ಹಳೇ ದಾಖಲೆ ಸಂಗ್ರಹಕ್ಕೆ) ಕೊಡೋದು ಹೇಗೆ? ಗೊತ್ತಿರೋರು ಹೇಳಿ

ಪ್ರಶ್ನೆ, ಮೂಡಿಗೆರೆ ಕಡೆಯಿಂದ:
ನಮ್ಮಜ್ಜ ಕಾಫಿ ಎಸ್ಟೇಟಲ್ಲಿ ರೈಟರ್ (ಲೆಕ್ಕ ಬರೆಯೋರು) ಆಗಿದ್ರು. ಮನೆ ರಿಪೇರಿಗೆ ಅಂತ ಅಟ್ಟ ಖಾಲಿ ಮಾಡಿದ್ರೆ ಟ್ರಂಕ್ ತುಂಬ ಡೈರಿ, ಪತ್ರ, ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ), ಕಾಫಿ ಬೋರ್ಡಿಗೆ ಕಾಫಿ ಒಪ್ಪಿಸಿದ್ದಕ್ಕೆ ಕೊಡ್ತಿದ್ದ ಪೂಲ್ ಚೀಟಿ. ಡೈರಿ ಮಾತ್ರ ಕೊಟ್ರೆ ಸಾಕಾ? ಯಾರನ್ನ ಕೇಳ್ಬೇಕು? ಮಳೆಗೆ ಮುಂಚೆ ಏನಾದ್ರೂ ಮಾಡ್ಬೇಕು.

ಹಾಸನದಿಂದ:
ಡೈರಿ ಮಾತ್ರ ಕೊಡ್ಬೇಡಿ ಸರ್, ದಯವಿಟ್ಟು. ನಾನು ತೋಟದ ಕೂಲಿಯವರ ಬಗ್ಗೆ ಪಿಎಚ್‌ಡಿ ಮಾಡ್ದೋಳು, ಇಂಡಿಯಾದಲ್ಲಿದ್ದ ಇಂಗ್ಲಿಷ್ ಮನೆತನದವರ ಎಷ್ಟೋ ಪತ್ರ, ಫೋಟೋ, ನೆನಪುಗಳು ಕೇಂಬ್ರಿಡ್ಜಿನ ಸೌತ್ ಏಷ್ಯನ್ ಸ್ಟಡೀಸ್ ಸೆಂಟರಲ್ಲಿ, ಲಂಡನ್ನಿನ ಬ್ರಿಟಿಷ್ ಲೈಬ್ರರೀಲಿ ಪಟ್ಟಿ ಸಮೇತ ಭದ್ರವಾಗಿವೆ, ಇಲ್ಲಿ ದಿನಾ ಯಾರು ಕೆಲಸಕ್ಕೆ ಬಂದ್ರು, ಎಷ್ಟು ಕೂಲಿ, ಮೇಸ್ತ್ರಿ ಯಾರಿಗೆ ಅಡ್ವಾನ್ಸ್ ಕೊಟ್ಟ ಅನ್ನೋ ಚೆಕ್‌ರೋಲ್ ಮಾತ್ರ ನಮ್ಮ ಅಟ್ಟಗಳಲ್ಲಿ ಗೆದ್ಲು ತಿಂತಾ ಇರುತ್ತೆ. ನನ್ನಂಥೋರಿಗೆ ಡೈರಿಗಿಂತ ಅದೇ ಬೇಕು. ಪೂಲ್ ಚೀಟಿನೂ ಅಷ್ಟೇ, 1940ರ ದಶಕದಿಂದ 90ರ ದಶಕದ ತನಕ ಬೆಳೆದ ಕಾಫಿನ ಕಾಫಿ ಬೋರ್ಡಿನ ಪೂಲಿಗೇ (ಎಲ್ರ ಕಾಫಿ ಒಟ್ಟಿಗೆ ಸೇರಿಸಿ ಮಾರೋ ವ್ಯವಸ್ಥೆಗೆ) ಹಾಕ್ಬೇಕಿತ್ತು, ದುಡ್ಡು ಕಂತಲ್ಲಿ ಬರ್ತಿತ್ತು, ಆ ಕಂತು ಯಾವಾಗ ಬಂತು, ಅಷ್ಟರ ತನಕ ಸಂಸಾರ ಹೇಗೆ ನಡೀತು ಅನ್ನೋದು ಚೀಟಿ ಪಕ್ಕ ಪತ್ರ ಇಟ್ಟು ಓದಿದ್ರೆ ಗೊತ್ತಾಗುತ್ತೆ.

ಅದಕ್ಕೇ ಹೇಳೋದು, ನೀಟಾಗಿ ಜೋಡಿಸೋಕೆ ಹೋಗ್ಬೇಡಿ. ಲೆಕ್ಕದ ಪುಸ್ತಕದ ಮಧ್ಯೆ ಒಂದು ಪತ್ರ ಸಿಕ್ಕಿಸಿದ್ರೆ ಅಜ್ಜ ಸುಮ್ನೆ ಸಿಕ್ಕಿಸಿರಲ್ಲ. ಆರ್ಕೈವಿನವರು ಇದನ್ನ ಒರಿಜಿನಲ್ ಆರ್ಡರ್ ಅಂತಾರೆ, ಪತ್ರ ಒಂದ್ಕಡೆ ಬಿಲ್ ಒಂದ್ಕಡೆ ಅಂತ ನೀವೇ ಬೇರೆ ಮಾಡಿದ್ರೆ ಆಮೇಲೆ ಯಾರಿಂದ್ಲೂ ಸರಿ ಮಾಡಕ್ಕಾಗಲ್ಲ. ಎತ್ತಲೇಬೇಕು ಅಂದ್ರೆ ಮೊಬೈಲಲ್ಲಿ ಫೋಟೋ ತೆಗೆದುಕೊಂಡು ಎತ್ತಿ.

ಚಿಕ್ಕಮಗಳೂರಿಂದ:
ಬರವಣಿಗೆಯಲ್ಲಿ ಒಪ್ಪಂದ ಇಲ್ದೆ ಏನೂ ಕೊಡ್ಬೇಡಿ. ನಮ್ಮ ತಾತನದ್ದು ಒಂದು ಕಡೆ ಕೊಟ್ವಿ, ಹೆಸರು ಬೇಡ ಬಿಡಿ. ಪುಸ್ತಕಕ್ಕೆಲ್ಲ ನಂಬರ್ ಹಾಕಿ ಶೆಲ್ಫಿಗೆ ಏರಿಸಿದ್ರು, ಪತ್ರದ ಕಟ್ಟು ಎಲ್ಲಿ ಅಂದ್ರೆ ಸ್ಟೋರ್ ರೂಮ್ ನೋಡ್ಕೊಳ್ತಿದ್ದೋರು ರಿಟೈರ್ ಆದ್ರು ಅಂತ ಉತ್ತರ! ಪಟ್ಟಿ ಮಾಡೋರು ಯಾರು, ಓದೋಕೆ ಬಂದೋರ ಪಕ್ಕ ಯಾರಾದ್ರೂ ಕೂತಿರ್ತಾರಾ, ಬೇಡವಾದ ಕಾಗದ ವಾಪಸ್ ಕೊಡ್ತಾರಾ ಇಲ್ಲ ರದ್ದಿಗೆ ಹಾಕ್ತಾರಾ, ಎಲ್ಲ ಕೇಳಿ. ಇನ್ನೊಂದು ಮಾರಾಯ್ರೆ, ಅಜ್ಜನಿಗೆ ಬಂದ ಪತ್ರದ ಕಾಗದ ನಿಮ್ದು ಆದ್ರೂ ಕಾಪಿರೈಟ್ ಬರೆದೋರದ್ದು, ಅವರು ತೀರಿಹೋದ ಮೇಲೆ ಅವರ ವಾರಸುದಾರರದ್ದು. ಪ್ರಿಂಟ್ ಮಾಡೋ ಹಕ್ಕು ನೀವು ಬರ್ಕೊಡಕ್ಕಾಗಲ್ಲ.

ಸಕಲೇಶಪುರದಿಂದ:
ಲ್ಯಾಮಿನೇಶನ್ ಬೇಡ, ಸೆಲ್ಲೋಟೇಪ್ ಬೇಡ. ರಬ್ಬರ್ ಬ್ಯಾಂಡ್, ತುಕ್ಕು ಹಿಡಿದ ಗುಂಡುಪಿನ್ ನಿಧಾನಕ್ಕೆ ಬಿಡಿಸಿ. ಶೀತ ಹಿಡಿದಿದ್ರೆ ಬಿಸಿಲಿಗೆ ಹಾಕ್ಬೇಡಿ, ಇಂಕು ಹಾರಿಹೋಗುತ್ತೆ, ನೆರಳಲ್ಲಿ ಫ್ಯಾನ್ ಗಾಳಿ ಸಾಕು. ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿಟ್ರೆ ನಮ್ಮ ಜುಲೈ ಮಳೇಲಿ ಬೂಷ್ಟು ಗ್ಯಾರಂಟಿ.

ಹಾಸನದಿಂದ ಇನ್ನೊಬ್ರು:
ಎಲ್ರೂ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಅಂತಾರೆ. 1891ರದ್ದು, ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಬೆಳಕಿಗೆ ಬಂದಿದ್ದು ಅಲ್ಲಿಂದ್ಲೇ, ಆದ್ರೆ ಅದು ತಾಳೆಗರಿ, ಹಳೇ ಹಸ್ತಪ್ರತಿಗಳ ಜಾಗ, ನಿಮ್ಮ ಟ್ರಂಕಿಗೆ ಅಲ್ಲ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ (ಜೀವವಿಜ್ಞಾನದ ಸಂಶೋಧನಾ ಕೇಂದ್ರ) 2019ರಿಂದ ಆರ್ಕೈವ್ ಇದೆ, ಅವರ ಗಮನ ವಿಜ್ಞಾನದ ಇತಿಹಾಸದ ಮೇಲೆ, ಅಜ್ಜ ಬಾಳೆಹೊನ್ನೂರಿನ ಕಾಫಿ ರಿಸರ್ಚ್ ಸ್ಟೇಷನ್ನಲ್ಲಿ ಇದ್ದಿದ್ರೆ ಅಲ್ಲಿ ಕೇಳಿ ಅಂತಿದ್ದೆ. ನಿಮ್ಮದಕ್ಕೆ ಹಿಸ್ಟರಿ ಡಿಪಾರ್ಟ್‌ಮೆಂಟ್ ಗಟ್ಟಿ ಇರೋ ಯೂನಿವರ್ಸಿಟಿನೇ ಸರಿ. ಟ್ರಂಕ್ ಹೊತ್ಕೊಂಡು ಹೋಗ್ಬೇಡಿ, ಯಾವ ಇಸವಿಯಿಂದ ಯಾವ ಇಸವಿ, ಏನೇನು, ಎಷ್ಟು ಅಂತ ಒಂದು ಪುಟ ಮೇಲ್ ಮಾಡಿ ಮೊದ್ಲು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಎಲ್ರಿಗೂ. ಚೆಕ್‌ರೋಲಲ್ಲಿ ಹೆಬ್ಬೆಟ್ಟು, ಸಾಲದ ಬಾಕಿ ಎಲ್ಲ ಇದೆ, ಆ ಕೂಲಿಯವರ ಮೊಮ್ಮಕ್ಕಳು ಇಲ್ಲೇ ತೋಟದ ಲೈನ್ ಮನೇಲಿ ಇದಾರೆ. ಅದನ್ನೂ ಕೊಡ್ಬೋದಾ?

ಹಾಸನದಿಂದ (ಪಿಎಚ್‌ಡಿ):
ಕೊಡಿ, ಆದ್ರೆ ಈ ವಿಷಯನ ಒಪ್ಪಂದದಲ್ಲೇ ಬರೆಸಿ. ಇಂತಿಷ್ಟು ವರ್ಷ ತೆರೆಯಂಗಿಲ್ಲ, ಇಲ್ಲ ಹೆಸರು ಹಾಕದೆ ಬಳಸ್ಬೇಕು, ನೆಟ್ಟಲ್ಲಿ ಹಾಕಂಗಿಲ್ಲ, ಹೀಗೆಲ್ಲ ಷರತ್ತು ಹಾಕ್ಬೋದು. ಕೊಡೋಕೆ ಮುಂಚೆ ಆ ಮನೆಯವರಿಗೂ ಒಂದ್ಸಲ ತೋರಿಸಿ, ಅವರ ಅಜ್ಜಿ ಹೆಸರು ಬರವಣಿಗೆಯಲ್ಲಿ ಇರೋದು ಬಹುಶಃ ಅದೊಂದರಲ್ಲೇ.