ಎಲ್ಲ ಕಡೆ ‘ಪ್ರೇರೇಪಿಸು’ ಬೇಡವೆಂದರೆ ಏನು ಬರೆಯಬೇಕು?

ಪ್ರಶ್ನೆ: ಕಾದಂಬರಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಮುಂದಕ್ಕೆ ಹೋಗು ಎಂದು ಒತ್ತುವುದು’ ಎಂಬರ್ಥದ ಒಂದೇ ಕ್ರಿಯಾಪದ ಮೂಲದಲ್ಲಿ ಸೇನಾಪತಿಗೂ ಬರುತ್ತದೆ, ಗಾಡಿ ಹೊಡೆಯುವವನಿಗೂ ಬರುತ್ತದೆ, ಮಗಳನ್ನು ಓದಿಗೆ ಕಳಿಸುವ ತಾಯಿಗೂ, ಜಗಳ ಹಚ್ಚುವ ನೆರೆಯವನಿಗೂ ಬರುತ್ತದೆ. ಎಲ್ಲ ಕಡೆ ‘ಪ್ರೇರೇಪಿಸು’ ಎಂದು ಬರೆದು ಸಪ್ಪೆಯಾಗಿದೆ. ಬೇರೆ ಪದಗಳು ಯಾವುವು, ಅವಕ್ಕೆ ಯಾವ ವಿಭಕ್ತಿ, ಎಲ್ಲಿ ಎಡವುತ್ತೇವೆ? ಬಲ್ಲವರು ತಿಳಿಸಿ.

ಅನುವಾದಕರೊಬ್ಬರು: ಪದ ಹುಡುಕುವ ಮೊದಲು ಎರಡು ಸಂಗತಿ ನೋಡಿ. ಎದುರಿನವನಿಗೆ ಆ ಕೆಲಸದಲ್ಲಿ ಮನಸ್ಸು ಮೊದಲೇ ಇದೆಯೇ? ಕೊನೆಗೆ ಅವನು ಅದನ್ನು ಮಾಡಿದನೇ? ಮನಸ್ಸಿದ್ದು ಬಲ ಸಾಲದಿದ್ದರೆ ‘ಹುರಿದುಂಬಿಸು’. ಮನಸ್ಸೇ ಇಲ್ಲದಿದ್ದರೆ ‘ಒತ್ತಾಯಿಸು’. ಮನಸ್ಸನ್ನು ಹುಟ್ಟಿಸಿದ್ದೇ ಇವನಾದರೆ ಮಾತ್ರ ‘ಪ್ರೇರೇಪಿಸು’. ಎರಡನೆಯ ಪ್ರಶ್ನೆಗೆ ವಾಕ್ಯದ ಕೊನೆಗೆ ‘ಆದರೆ ಅವನು ಹೋಗಲಿಲ್ಲ’ ಎಂದು ಸೇರಿಸಿ ಓದಿ. ‘ಹೋಗುವಂತೆ ಒತ್ತಾಯಿಸಿದರು, ಆದರೆ ಹೋಗಲಿಲ್ಲ’ ಸಹಜವಾಗಿದೆ. ‘ಹೋಗಲು ಪ್ರೇರೇಪಿಸಿತು, ಆದರೆ ಹೋಗಲಿಲ್ಲ’ ಎಂದರೆ ಕಿವಿಗೆ ಒಪ್ಪುವುದಿಲ್ಲ. ‘ಹೊರಡಿಸಿದರು, ಆದರೆ ಹೊರಡಲಿಲ್ಲ’ ಅಂತೂ ಪೂರ್ತಿ ವಿರೋಧ. ಮೂಲದ ಪಾತ್ರ ಮುಂದಿನ ಪುಟದಲ್ಲಿ ಹಿಂಜರಿಯುವುದಿದ್ದರೆ ‘ಪ್ರೇರೇಪಿಸು’ ಆಗಲೇ ಸುಳ್ಳು ಹೇಳಿರುತ್ತದೆ.

ನಿಮ್ಮ ಸೇನಾಪತಿಗೆ ‘ಸೈನಿಕರನ್ನು ಹುರಿದುಂಬಿಸಿದ’ ಸಾಕು. ‘ಮುನ್ನಡೆಸಿದ’ ಬೇಡ, ಅದು ಮುಂದೆ ನಿಂತು ನಡೆಸುವುದು. ಹಿಂದಿನಿಂದ ಒತ್ತುವವನಿಗೆ ಒಪ್ಪುವುದಿಲ್ಲ. ‘ಮುನ್ನುಗ್ಗು’ ಅಕರ್ಮಕ, ನುಗ್ಗುವವರು ಸೈನಿಕರೇ. ಹಾಗಾಗಿ ‘ಮುನ್ನುಗ್ಗುವಂತೆ ಹುರಿದುಂಬಿಸಿದ’ ಎಂದೇ ಕಟ್ಟಬೇಕು.

ಕರಡು ತಿದ್ದುವವರೊಬ್ಬರು: ಅತಿ ದೊಡ್ಡ ಬಲೆ ‘ಮುಂದೂಡು’. ‘ಮುಂದೆ’ ಮತ್ತು ‘ದೂಡು’ ಎರಡೂ ಅದರೊಳಗೆ ಕಾಣುತ್ತವೆ, ಆದರೆ ಅರ್ಥ ನಿಗದಿಯಾದ ದಿನವನ್ನು ಮುಂದಕ್ಕೆ ಹಾಕುವುದು. ‘ಗಾಡಿಯನ್ನು ಮುಂದೂಡಿದ’ ಎಂದು ಯಂತ್ರಾನುವಾದದಲ್ಲಿ ಬಂದರೆ ಕೂಡಲೇ ‘ಮುಂದಕ್ಕೆ ತಳ್ಳಿದ’ ಅಥವಾ ‘ಮುಂದಕ್ಕೆ ನೂಕಿದ’ ಮಾಡಿ. ‘ಮುಂದಕ್ಕೆ ಹಾಕು’ ಕೂಡ ಮುಹೂರ್ತ, ಸಭೆ, ಪರೀಕ್ಷೆಗಳಿಗೇ ಮೀಸಲು.

ಕಾಗುಣಿತವನ್ನೂ ನೋಡಿಕೊಳ್ಳಿ. ‘ಹುರಿ’ ಮತ್ತು ‘ತುಂಬಿಸು’ ಸೇರಿ ಆದೇಶ ಸಂಧಿಯಲ್ಲಿ ತಕಾರ ದಕಾರವಾಗಿ ‘ಹುರಿದುಂಬಿಸು’. ‘ಹುರುದುಂಬಿಸು’, ‘ಹುರಿದುಂಭಿಸು’ ಎರಡೂ ತಪ್ಪು. ‘ಪ್ರ’ ಮತ್ತು ‘ಉತ್ಸಾಹ’ ಸೇರಿ ಗುಣ ಸಂಧಿ, ಆದ್ದರಿಂದ ‘ಪ್ರೋತ್ಸಾಹ’ದಲ್ಲಿ ದೀರ್ಘ. ‘ಪ್ರೇರೇಪಿಸಲ್ಪಟ್ಟು’ ಎಂದು ಎಳೆಯುವ ಬದಲು ‘ಪ್ರೇರಣೆ ಪಡೆದು’ ಎಂದರೆ ಮುಗಿಯಿತು.

ಇನ್ನು ‘-ಲು’ ಮತ್ತು ‘-ಉವಂತೆ’. ‘ಸಭೆ ಬಿಟ್ಟು ಹೋಗಲು ಒತ್ತಾಯಿಸಿದ’ ಎಂದರೆ ಹೋಗಬೇಕಾದವರು ಯಾರು? ತನ್ನನ್ನು ಹೋಗಲು ಬಿಡಿ ಎಂದನೋ, ಇತರರಿಗೆ ಹೊರಡಿ ಎಂದನೋ ತಿಳಿಯದು. ‘ಸಭೆ ಬಿಟ್ಟು ಹೋಗುವಂತೆ ಅವರನ್ನು ಒತ್ತಾಯಿಸಿದ’ ಎಂದರೆ ಗೊಂದಲವಿಲ್ಲ. ಅನುಮಾನ ಬಂದಲ್ಲೆಲ್ಲ ‘-ಉವಂತೆ’ ಹಾಕಿ, ಒತ್ತಡಕ್ಕೆ ಒಳಗಾದವನನ್ನು ದ್ವಿತೀಯೆಯಲ್ಲಿ (‘-ಅನ್ನು’) ಹೆಸರಿಸಿ.

ಗ್ರಾಮೀಣ ಬದುಕಿನ ಕಥೆಗಳನ್ನು ತಿದ್ದುವವರು: ಗಾಡಿಯವನಿಗೆ ಮೇಲಿನ ಯಾವುದೂ ಬೇಡ. ಎತ್ತನ್ನು ಯಾರೂ ಪ್ರೇರೇಪಿಸುವುದಿಲ್ಲ! ಗಾಡಿಯನ್ನು ಹೊಡೆಯುತ್ತಾರೆ, ದನವನ್ನು ಹೊಡೆದುಕೊಂಡು ಹೋಗುತ್ತಾರೆ. ‘ದನ ಹೊಡೆದ’ ಎಂದಷ್ಟೇ ಬರೆದರೆ ಏಟು ಕೊಟ್ಟ ಎಂದೂ ಓದಬಹುದು. ‘ಹೊಡೆದುಕೊಂಡು’ ಎಂದಾಗ ಆ ಅರ್ಥ ಬಿಟ್ಟುಹೋಗುತ್ತದೆ. ವೇಗ ಹೆಚ್ಚಿಸುವುದನ್ನು ತೋರಿಸಬೇಕಿದ್ದರೆ ಕ್ರಿಯೆಯನ್ನೇ ಹೇಳಿ: ಬಾರುಕೋಲು ಬೀಸಿದ, ಕೋಲಿನಿಂದ ತಿವಿದ, ಬಾಲ ತಿರುಚಿದ. ‘ಅಟ್ಟು’ ಬಳಸುವಾಗ ಎಚ್ಚರ: ಇಂದಿನ ಕನ್ನಡದಲ್ಲಿ ಅದು ಓಡಿಸಿಬಿಡುವುದಕ್ಕೆ, ಬೆನ್ನಟ್ಟುವುದಕ್ಕೆ ಹತ್ತಿರ. ಹಳಗನ್ನಡದಲ್ಲಿ ‘ಕಳುಹಿಸು’ ಎಂಬರ್ಥವೂ ಇತ್ತು, ದೂತರನ್ನು ಅಟ್ಟುತ್ತಿದ್ದರು.

ಕಾನೂನು ಬರಹ ಅನುವಾದಿಸುವವರು: ನೆರೆಯವನ ವಿಷಯಕ್ಕೆ ಬರೋಣ, ಕನ್ನಡ ಶ್ರೀಮಂತವಾಗಿರುವುದು ಇಲ್ಲೇ. ಅಣ್ಣನ ವಿರುದ್ಧ ತಮ್ಮನನ್ನು ‘ಎತ್ತಿಕಟ್ಟು’. ಒಬ್ಬನನ್ನು ಇನ್ನೊಬ್ಬನ ಮೇಲೆ ‘ಛೂ ಬಿಡು’. ನಾಯಿಯಿಂದ ಬಂದ ಮಾತು, ಹೇಳಿದಂತೆ ಕೇಳುವವನ ಬಗ್ಗೆ ತಿರಸ್ಕಾರವೂ ಅದರಲ್ಲಿದೆ. ಗಲಾಟೆಗೆ ‘ಕುಮ್ಮಕ್ಕು ಕೊಡು’ ಎಂದರೆ ಬೆನ್ನ ಹಿಂದಿನ ಬೆಂಬಲ. ಯಾವ ಕೆಲಸಕ್ಕೆ ಎಂಬುದು ಚತುರ್ಥಿಯಲ್ಲಿ (‘-ಗೆ’, ‘-ಕ್ಕೆ’) ಬರಬೇಕು. ಮರೆಯಲ್ಲಿದ್ದು ಆಡಿಸುವುದು ‘ಚಿತಾವಣೆ’. ಸುಮ್ಮನೆ ಹೊಗಳಿ ಕೆಲಸಕ್ಕಿಳಿಸಿದರೆ ‘ಉಬ್ಬಿಸು’, ನಯವಾಗಿ ಒಪ್ಪಿಸಿದರೆ ‘ಪುಸಲಾಯಿಸು’.

‘ಪ್ರಚೋದಿಸು’ ಇಂದು ಹೆಚ್ಚಾಗಿ ಕೆಟ್ಟದ್ದಕ್ಕೇ ಬಳಕೆ: ಗಲಭೆಗೆ ಪ್ರಚೋದನೆ, ಪ್ರಚೋದನಕಾರಿ ಭಾಷಣ. ಋಗ್ವೇದದ ಗಾಯತ್ರಿಯ ‘ಪ್ರಚೋದಯಾತ್’ನಲ್ಲಿ ಇದೇ ಧಾತು ಬುದ್ಧಿಯನ್ನು ಒಳ್ಳೆಯದರ ಕಡೆಗೆ ನಡೆಸಲಿ ಎಂಬ ಪ್ರಾರ್ಥನೆಯಾಗಿದೆ, ಆದರೆ ಆ ಹಿರಿಮೆಯನ್ನು ನಂಬಿ ‘ತಾಯಿ ಮಗಳನ್ನು ಓದಿಗೆ ಪ್ರಚೋದಿಸಿದಳು’ ಎಂದು ಬರೆದರೆ ತಾಯಿಯ ಮೇಲೆ ದೂರು ಹೊರಿಸಿದಂತಾಗುತ್ತದೆ. ಅಪರಾಧದ ಸಂದರ್ಭದಲ್ಲಿ ಕಾನೂನಿನ ಪದ ‘ದುಷ್ಪ್ರೇರಣೆ’. ಹಿಂದಿನ ಭಾರತೀಯ ದಂಡ ಸಂಹಿತೆಯಲ್ಲಿ (ಐಪಿಸಿ) ಅದರ ವಿವರಣೆ 107ನೇ ಕಲಂನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 45ನೇ ಕಲಂ. ನಿಮ್ಮ ಕಾದಂಬರಿಯಲ್ಲಿ ನ್ಯಾಯಾಲಯದ ದೃಶ್ಯವಿದ್ದರೆ ಬೇಕಾದೀತು.

ಪತ್ರಿಕೆಯ ಭಾಷೆ ಬಲ್ಲವರು: ‘ಆಗ್ರಹಿಸು’ ವರದಿಗಳಲ್ಲಿ ಧಾರಾಳ, ಆದರೆ ಅದು ಹಕ್ಕಿನಿಂದ ಕೇಳುವುದು. ಪರಿಹಾರಕ್ಕೆ ಆಗ್ರಹಿಸಬಹುದು, ಅತಿಥಿಗೆ ‘ಊಟಕ್ಕೆ ಬರಬೇಕೆಂದು ಆಗ್ರಹಿಸುತ್ತೇನೆ’ ಎಂದರೆ ಜಗಳಕ್ಕೆ ಕರೆದಂತೆ. ಹಿಂದಿಯಲ್ಲಿ ಅದೇ ಪದಕ್ಕೆ ನಯವಿದೆ, ಕನ್ನಡದಲ್ಲಿಲ್ಲ. ‘ಉತ್ತೇಜಿಸು’ ವ್ಯಕ್ತಿಗಿಂತ ಚಟುವಟಿಕೆಗೆ ಚೆನ್ನ, ಕೃಷಿಗೆ ಉತ್ತೇಜನ ಎಂಬಂತೆ. ‘ಅವಸರಿಸು’ ತಾನೇ ಆತುರ ಮಾಡುವುದು. ಇನ್ನೊಬ್ಬರನ್ನು ಆತುರಕ್ಕೆ ದೂಡಿದರೆ ‘ಅವಸರಪಡಿಸು’. ಬಿಡದೆ ಬೆನ್ನು ಬಿದ್ದರೆ ‘ದುಂಬಾಲು ಬೀಳು’. ಇಲ್ಲಿ ದ್ವಿತೀಯೆ ಸಲ್ಲದು, ‘ಅಪ್ಪನಿಗೆ ದುಂಬಾಲು ಬಿದ್ದ’.

ಮೊದಲ ಅನುವಾದಕರು ಮತ್ತೆ: ತಾಯಿಯ ಪ್ರಸಂಗ ಉಳಿದಿತ್ತು. ಅಲ್ಲಿ ಕ್ರಿಯಾಪದವನ್ನೇ ಕೈಬಿಟ್ಟು ನೋಡಿ. ಒತ್ತುವ ಕೆಲಸವನ್ನು ಕನ್ನಡ ಬಹಳ ಸಲ ಮಾತಿಗೆ ವಹಿಸುತ್ತದೆ: “ಹೂಂ, ಹೊರಡು ಮಗಳೇ, ಮನೆ ನಾನು ನೋಡ್ಕೋತೀನಿ” ಎಂದಳು. ‘ಎಂದಳು’ ಸಾಕು, ‘ಎಂದು ಪ್ರೋತ್ಸಾಹಿಸಿದಳು’ ಎಂದು ಬಾಲ ಕಟ್ಟಬೇಡಿ. ಸಂಭಾಷಣೆ ಸೇರಿಸಲು ಮೂಲ ಅವಕಾಶ ಕೊಡದಿದ್ದರೆ ‘ಧೈರ್ಯ ತುಂಬಿ ಕಳಿಸಿದಳು’.