ಅಪ್‌ಡೇಟ್: ಚಾರಣಕ್ಕೆ ದಿಕ್ಸೂಚಿ ಯಾವುದು ಕೊಳ್ಳಲಿ ಅಂತ ಕೇಳಿದ್ದೆ

ಕುಮಾರ ಪರ್ವತಕ್ಕೆ ಹೋಗುವ ಮೊದಲು ಸಾದಾ ದಿಕ್ಸೂಚಿ ಬೇಕು, ನಕ್ಷೆ ಓದಲು ಕಲಿಯಬೇಕು ಅಂತ ಕೇಳಿದ್ದೆ. ಈಗ ಎರಡೂ ಆಯ್ತು.

ಪಾರದರ್ಶಕ ಬೇಸ್‌ಪ್ಲೇಟ್ (ಅಡಿಯ ಚಪ್ಪಟೆ ಹಲಗೆ) ಇರುವುದನ್ನೇ ತಗೊಳ್ಳಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಅದೇ ಸರಿಹೋಯಿತು. ಆ ಪ್ಲೇಟಿನ ಅಂಚನ್ನು ನಕ್ಷೆಯಲ್ಲಿ ನಾವಿರುವ ಜಾಗದಿಂದ ಹೋಗಬೇಕಾದ ಜಾಗಕ್ಕೆ ಇಡಬೇಕು. ಸೂಜಿಯ ಸುತ್ತಲಿನ ಬಳೆ ತಿರುಗಿಸಿ ಅದರೊಳಗಿನ ಗೆರೆಗಳನ್ನು ನಕ್ಷೆಯ ಉತ್ತರಕ್ಕೆ ಹೊಂದಿಸಬೇಕು. ಆಮೇಲೆ ಕೆಂಪು ಸೂಜಿ ಬಳೆಯೊಳಗೆ ಬರೆದಿರುವ ಬಾಣದೊಳಗೆ ಕೂರುವವರೆಗೆ ದಿಕ್ಸೂಚಿ ಹಿಡಿದು ನಾವೇ ತಿರುಗಬೇಕು. ಆಗ ಅಂಚು ತೋರಿಸುವುದೇ ಹೋಗಬೇಕಾದ ದಿಕ್ಕು. ಅಷ್ಟೇ! ಹಿತ್ತಾಳೆಯ ಮಿಲಿಟರಿ ಮಾದರಿ ನೋಡಲು ಚೆನ್ನಾಗಿದೆ, ಆದರೆ ಅದರಡಿ ನಕ್ಷೆ ಕಾಣುವುದಿಲ್ಲ. ಫೋನ್ ಆ್ಯಪ್ ನನಗೆ ಆಗಲಿಲ್ಲ, ಕವರಿನ ಅಯಸ್ಕಾಂತಕ್ಕೇ ದಿಕ್ಕು ತಪ್ಪುತ್ತಿತ್ತು.

ನಕ್ಷೆಗೆ ಸರ್ವೆ ಆಫ್ ಇಂಡಿಯಾದ 1:50,000 ಹಾಳೆ ಸಾಕು. ಅದರಲ್ಲಿ 2 ಸೆಂ.ಮೀ. ಅಂದ್ರೆ 1 ಕಿ.ಮೀ. ಎತ್ತರ ತೋರಿಸುವ ಗೆರೆಗಳು (ಕಾಂಟೂರ್) ಒತ್ತಾಗಿದ್ದರೆ ಕಡಿದಾದ ಏರು. ಕುಮಾರ ಪರ್ವತದ ದಾರಿಯ ಶೇಷ ಪರ್ವತದ ಕಡೆ ಅದನ್ನು ಕಾಲೇ ಹೇಳುತ್ತದೆ.

ಗೊತ್ತೇ ಇರದ ವಿಷಯ ಒಂದಿತ್ತು. ಉತ್ತರ ಯುರೋಪಿಗೆ ಅಂತ ತೂಕ ಹೊಂದಿಸಿದ ಸೂಜಿ ನಮ್ಮ ಕಡೆ ಒಂದು ಬದಿಗೆ ವಾಲಿ ತಳಕ್ಕೆ ತಾಗಬಹುದು. ಆನ್‌ಲೈನಲ್ಲಿ ಕೊಳ್ಳುವಾಗ ಭಾರತಕ್ಕೆ ಹೊಂದುತ್ತದೆಯೇ ಅಂತ ಕೇಳಿ, ಅಥವಾ ಎಲ್ಲ ಕಡೆಗೂ ಹೊಂದುವ ಗ್ಲೋಬಲ್ ಸೂಜಿಯದ್ದೇ ತಗೊಳ್ಳಿ. ನಿಜ ಉತ್ತರಕ್ಕೂ ಸೂಜಿ ತೋರಿಸುವ ಉತ್ತರಕ್ಕೂ ಇರುವ ವ್ಯತ್ಯಾಸದ ಚಿಂತೆ ಜಾಸ್ತಿ ಬೇಡ, ಕರ್ನಾಟಕದಲ್ಲಿ ಅದು 2 ಡಿಗ್ರಿಗಿಂತ ಕಡಿಮೆ. ಕುದುರೆಮುಖದ ಕಡೆ ಹೋಗುವವರು ಮಾತ್ರ ಗಮನಿಸಿ: ಅಲ್ಲಿನ ಅದಿರು ಮ್ಯಾಗ್ನೆಟೈಟ್ (ಅಯಸ್ಕಾಂತ ಗುಣದ ಕಬ್ಬಿಣದ ಅದಿರು), ಬಂಡೆಯ ಹತ್ತಿರ ಸೂಜಿ ಅಲುಗಬಹುದು. ಸ್ವಲ್ಪ ಸರಿದು ಮತ್ತೊಮ್ಮೆ ನೋಡಿ.