ಸಹಾಯ ಬೇಕು: ಖಾರ್ಕಿವ್‌ನಿಂದ ಬಂದ ನರ್ಸ್‌ಗೆ ಜರ್ಮನ್ ಮಾತಾಡಲು ಜೊತೆ

ನಮಸ್ಕಾರ, ಲೈಪ್‌ಜಿಗ್‌ನಲ್ಲಿ ನರ್ಸ್ ಆಗಿರುವ ಕನ್ನಡದವರು ಯಾರಾದರೂ ಇದ್ದೀರಾ? ನಮ್ಮ ಪಕ್ಕದ ಮನೆಯವರು 2022ರಲ್ಲಿ ಯುದ್ಧ ಶುರುವಾದಾಗ ಖಾರ್ಕಿವ್‌ನಿಂದ ಮಗನನ್ನು ಕರೆದುಕೊಂಡು ಬಂದವರು. ಅಲ್ಲಿ ಹೆರಿಗೆ ವಾರ್ಡಿನ ನರ್ಸ್. ಇಲ್ಲಿ ಜರ್ಮನಿಯಲ್ಲಿ ಹೊರಗಿನಿಂದ ಬಂದವರಿಗಾಗಿ ಇರುವ ಸರ್ಕಾರದ ಇಂಟಿಗ್ರೇಷನ್ ಕೋರ್ಸ್‌ನ 600 ಗಂಟೆಯ ಭಾಷಾ ಪಾಠ ಮುಗಿಸಿ ಬಿ1 (ದಿನನಿತ್ಯದ ಮಾತಿಗೆ ಸಾಕಾಗುವ ಜರ್ಮನ್ ಮಟ್ಟ) ಪಾಸಾಗಿದ್ದಾರೆ, ಆದರೆ ನರ್ಸ್ ಕೆಲಸಕ್ಕೆ ಅದರ ಮೇಲಿನ ಬಿ2 ಮಟ್ಟ ಬೇಕು, ಉಕ್ರೇನಿನ ಡಿಪ್ಲೊಮಾಗೂ ಇಲ್ಲಿ ಮಾನ್ಯತೆ ಸಿಗಬೇಕು, ಅಲ್ಲಿಯವರೆಗೆ ಹೋಟೆಲ್ ರೂಮ್ ಕ್ಲೀನ್ ಮಾಡುತ್ತಿದ್ದಾರೆ. ಇಷ್ಟು ಅನುಭವ ಇರುವವರು ಸುಮ್ನೆ ಕಾಯುವುದು ನೋಡಲು ಬೇಜಾರು. ವ್ಯಾಕರಣ ಗೊತ್ತಿದೆ, ಮಾತಾಡಲು ಜನ ಇಲ್ಲ. ನೋವು ಎಲ್ಲಿದೆ, ಮಾತ್ರೆ ತಗೊಂಡ್ರಾ, ರಾತ್ರಿ ನಿದ್ದೆ ಬಂತಾ, ಇಂಥ ವಾರ್ಡಿನ ಮಾತು ಅಭ್ಯಾಸ ಮಾಡಿಸಬೇಕು. ನೀವೂ ಇದೇ ಬಿ2, ಇದೇ ಮಾನ್ಯತೆ ದಾಟಿ ಬಂದವರು ಅಲ್ವಾ, ನಿಮಗಿಂತ ಚೆನ್ನಾಗಿ ಯಾರು ಹೇಳಿಕೊಡುತ್ತಾರೆ? ವಾರಕ್ಕೆ ಒಂದು ಗಂಟೆ ಸಾಕು, ವಿಡಿಯೊ ಕಾಲ್ ಆದರೂ ಸರಿ. ಆಗುವವರು ದಯವಿಟ್ಟು ಮೆಸೇಜ್ ಮಾಡಿ.